ಹನಿಯೂ ಸುಡದ ಕೂಗು

ಕೂಗು ಕೇಳಿದ ಮಾತ್ರಕ್ಕೆ ತಪ್ಪಿತಸ್ಥರನ್ನು ಗೊತ್ತುಮಾಡಿಬಿಡುವ ನೀವು, ಓದುಗರೇ, ಆ ಕೂಗು ಏನನ್ನು ತಡೆಯಲು ಎದ್ದದ್ದೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ?

ವಿಚಾರಿಸಿರಲಾರಿರಿ. ತಕ್ಕಡಿಯವರೂ ವಿಚಾರಿಸಿರಲಿಲ್ಲ. ವೃತ್ತಿಯಿಂದ ಅವರು ಪತ್ತೇದಾರರು. ಪ್ರತಿಯೊಂದು ಮಾತನ್ನೂ ತೂಗಿ ಆಡುವವರೆಂದು ಊರು ಅವರಿಗೆ ಆ ಹೆಸರಿಟ್ಟಿತ್ತು. ಅಂಥವರು ಈಗ ವಾಹನ ಪ್ರಯೋಗಾಲಯದ ಪರೀಕ್ಷಾ ಕೋಣೆಯಲ್ಲಿ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು, ಬಾಯಿ ತೆರೆದು ನಿಂತಿದ್ದರು.

ಎದುರಿಗೆ ಬೂದುಬಣ್ಣದ ಕಾರೊಂದು, ನೆಲದಲ್ಲಿ ಹೂತಿದ್ದ ಉಕ್ಕಿನ ಉರುಳೆಗಳ ಮೇಲೆ ಚಕ್ರಗಳನ್ನೂರಿ, ನಿಂತಲ್ಲೇ ಓಡುತ್ತಿತ್ತು. ಅದರ ಎಂಜಿನ್ ಅರಚುತ್ತಿತ್ತು. ಗಾಜಿನ ಕಿಟಕಿ ನಡುಗುತ್ತಿತ್ತು.

ಇದೇ ಕೂಗು. ಬೆಟ್ಟದ ದಾರಿಯ ಆಚೀಚೆ ಇರುವವರೆಲ್ಲ ಒಂದೇ ಬಾಯಿಂದ ಹೇಳಿದ್ದ ಕೂಗು ಇದೇ. ಇದನ್ನೇ ನಂಬಿ ಪೊಲೀಸರು ತಕ್ಕಡಿಯವರ ತಂಗಿಯನ್ನು ಹಿಡಿದಿಟ್ಟಿದ್ದರು: ಇಲ್ಲಿನ ಪರೀಕ್ಷಾ ಚಾಲಕಿಯಾದ ಆಕೆ, ಆ ದಿನ ಬೆಳಗ್ಗೆಯಷ್ಟೇ ತನ್ನೊಡನೆ ಜಗಳವಾಡಿದ್ದ ಪ್ರಯೋಗಾಲಯದ ಮುಖ್ಯಸ್ಥರನ್ನು ಬೆಟ್ಟದ ಕೊನೆಯ ತಿರುವಿನಲ್ಲಿ ಕಂಡು, ವೇಗ ಹೆಚ್ಚಿಸಿ, ಬೇಕೆಂದೇ ಕಾರು ಹಾಯಿಸಿ ಕೊಂದಳೆಂಬುದು ಆಪಾದನೆ. ನಾಳೆ ನ್ಯಾಯಾಲಯದಲ್ಲಿ ಆಕೆಯ ಮೇಲೆ ಕೊಲೆಯ ಆರೋಪ ಹೊರಿಸಲಿದ್ದರು.

"ಸರ್! ಸ್ವಲ್ಪ ಒಳಗೆ ಇಣುಕಿ ನೋಡಿ! ನನ್ನ ಕಾಲೆಲ್ಲಿದೆ ನೋಡಿ!" ಎಂದು ಚಾಲಕನ ಆಸನದಿಂದ ಒಬ್ಬಾಕೆ ಕಿರುಚಿದರು.

ಅವರು ಎಂಜಿನ್ ನಿಯಂತ್ರಣ ವಿಭಾಗದ ಎಂಜಿನಿಯರ್. ಸಣ್ಣ ಮೈ, ಚುರುಕು ಮಾತು. ಸಹೋದ್ಯೋಗಿಗಳ ಬಾಯಲ್ಲಿ ಗುಬ್ಬಿ. ತಕ್ಕಡಿಯವರು ಇಣುಕಿದರು. ಗುಬ್ಬಿ ಆಸನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಪೆಡಲುಗಳ ಮೇಲೆ ಯಾರ ಕಾಲೂ ಇರಲಿಲ್ಲ.

"ಮತ್ತೆ ಇದನ್ನ ಓಡಿಸ್ತಿರೋರು ಯಾರಮ್ಮಾ?"

"ಹಿಂದೆ ಹೋಗಿ ಹೊಗೆ ಕೊಳವೆಗೆ ಕೈ ಒಡ್ಡಿ, ಗೊತ್ತಾಗುತ್ತೆ. ಹೆದರ್ಬೇಡಿ, ಸುಡಲ್ಲ!"

ತಕ್ಕಡಿಯವರು ಹಿಂದೆ ಹೋಗಿ ಮಂಡಿಯೂರಿದರು. ಅಷ್ಟು ಅರಚುವ ಎಂಜಿನ್ನಿನ ಉಸಿರು ಅಂಗೈಯನ್ನು ಸುಟ್ಟೀತೆಂದು ಕೈಯನ್ನು ಅಂಜಂಜುತ್ತ ಚಾಚಿದರು.

ತಣ್ಣನೆಯ ಗಾಳಿ. ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಕಿಟಕಿ ತೆರೆದಾಗ ಒಳಗೆ ಬರುವ ಗಾಳಿಯಷ್ಟೇ ನಿರ್ಮಲವಾದ ಗಾಳಿ ಆ ಕೊಳವೆಯಿಂದ ಭರ್ರೆಂದು ಬರುತ್ತಿತ್ತು.

ಅವರ ಮೈ ಜುಮ್ಮೆಂದಿತು. ಪೆಟ್ರೋಲ್ ಕಾರನ್ನೇ ಜೀವಮಾನವೆಲ್ಲ ಓಡಿಸಿದವರು ಅವರು. ಎಂಜಿನ್ ಕೂಗಿದರೆ ಯಾರೋ ಕಾಲು ಒತ್ತಿದ್ದಾರೆ ಎಂಬುದು ಅವರ ಪಾಲಿಗೆ ಹಗಲು ರಾತ್ರಿಗಳಷ್ಟೇ ನಿಶ್ಚಿತವಾದ ಮಾತು. ಆ ನಿಶ್ಚಯದಿಂದಲೇ, ಬಾಯಲ್ಲಿ ಹೇಳದಿದ್ದರೂ, ಒಡಹುಟ್ಟಿದವಳನ್ನೂ ಅವರ ಮನಸ್ಸು ಅನುಮಾನಿಸಿತ್ತು.

ಗುಬ್ಬಿ ಯಂತ್ರವನ್ನು ನಿಲ್ಲಿಸಿ ಕೆಳಗಿಳಿದರು.

"ಹನಿ ಪೆಟ್ರೋಲೂ ಸುಟ್ಟಿಲ್ಲ ಸರ್. ಇಂಧನದ ಮಾಪಕ ನೋಡಿ, ಸೊನ್ನೆ. ಇಲ್ಲಿ ಎಂಜಿನ್ನು ಚಕ್ರಾನ ತಿರುಗಿಸ್ತಿಲ್ಲ. ಬೆಟ್ಟ ಇಳಿಯೋ ಹಾಗೆ ಈ ಉರುಳೆ ಚಕ್ರಾನ ತಿರುಗಿಸ್ತಿದೆ, ಚಕ್ರ ಎಂಜಿನ್ನನ್ನ ತಿರುಗಿಸ್ತಿದೆ."

"ಯಾಕೆ?"

"ಕಾರನ್ನ ತಡೆಯೋಕೆ."

ತಕ್ಕಡಿಯವರು ಮತ್ತೆ ಬಗ್ಗಿ ಚಕ್ರಗಳನ್ನು ನೋಡಿದರು.

"ಮೊದಲಿಂದ ಹೇಳ್ತೀನಿ. ನಿಮ್ಮ ತಂಗಿ ಓಡಿಸಿದ್ದರ ಮಾದರೀದೇ ಈ ಕಾರು. ಇದಕ್ಕೆ ಎರಡು ಶಕ್ತಿ: ಪೆಟ್ರೋಲ್ ಎಂಜಿನ್ ಒಂದು, ವಿದ್ಯುತ್ ಮೋಟಾರ್ ಒಂದು. ಯಾವಾಗ ಯಾರು ದುಡೀಬೇಕು ಅಂತ ಒಳಗಿರೋ ಗಣಕ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತೆ. ನಿಮ್ಮ ಅಮ್ಮ ಸೌದೆ ಒಲೆಯಲ್ಲಿ ಅಡಿಗೆ ಮಾಡ್ತಿದ್ರಾ?"

"ಮಾಡ್ತಿದ್ರು."

"ಒಂದು ಲೋಟ ನೀರು ಕಾಯ್ಸೋಕೆ ಒಲೆ ಹಚ್ತಿದ್ರಾ?"

ತಕ್ಕಡಿಯವರಿಗೆ ನಗು ಬಂತು. "ಕೇಳಿದ್ರೆ ಸೌಟಲ್ಲಿ ಬೀಳ್ತಿತ್ತು! ಒಮ್ಮೆ ಹಚ್ಚಿದ್ರೆ ಅನ್ನ, ಸಾರು, ಸ್ನಾನದ ನೀರು ಎಲ್ಲಾ ಆ ಉರೀಲೇ ಆಗ್ಬೇಕು. ಆಮೇಲೆ ಕೆಂಡದ ಮೇಲೆ ಹಾಲಿಡೋರು."

"ಅದೇ ಸರ್ ಇದು. ಎಂಜಿನ್ ಹಚ್ಚಿದ್ರೆ ಹದವಾದ ಉರೀಲೇ ಉರಿಸುತ್ತೆ. ಚಕ್ರಕ್ಕೆ ಬೇಕಾಗಿ ಮಿಕ್ಕಿದ್ದನ್ನ ಬ್ಯಾಟರೀಲಿ ಎತ್ತಿಡುತ್ತೆ. ಸಣ್ಣಪುಟ್ಟ ಓಡಾಟಕ್ಕೆ ಒಲೆ ಹಚ್ಚೋದೇ ಇಲ್ಲ, ಎತ್ತಿಟ್ಟಿದ್ದರಲ್ಲೇ ನಡೆಸುತ್ತೆ. ಇಳಿಜಾರು ಬಂತು ಅನ್ನಿ, ಆಗ ಮೋಟಾರು ಕಾರನ್ನ ಹಿಡಿದು ನಿಧಾನ ಮಾಡಿ, ಆ ಓಟಾನೂ ಕರೆಂಟು ಮಾಡಿ ಎತ್ತಿಡುತ್ತೆ. ಇಳಿಯೋ ಬೆಟ್ಟಾನೂ ಬಿಡಲ್ಲ, ಜಿಪುಣಿ! ಈಗ ಬ್ಯಾಟರಿ ಅರ್ಧ ಖಾಲಿ ಮಾಡಿದ ಹಾಗೆ ಇಟ್ಟು ಅದೇ ಬೆಟ್ಟ ಇಳಿಸ್ತೀನಿ, ನೋಡಿ."

ಉರುಳೆಗಳು ಮತ್ತೆ ತಿರುಗತೊಡಗಿದವು. ಅದೇ ವೇಗ, ಅದೇ ಇಳಿಜಾರು. ಆದರೆ ಈ ಸಲ ಕೋಣೆ, ಕೂಸು ಮಲಗಿದ ಮನೆಯಂತಿತ್ತು. ಟೈರಿನ ಮೆಲ್ಲನೆಯ ಸುಯ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಪರದೆಯ ಮೇಲೆ ಹಸಿರು ಗೆರೆಯೊಂದು ಚಕ್ರದಿಂದ ಬ್ಯಾಟರಿಯತ್ತ ತೊರೆಯಂತೆ ಹರಿಯುತ್ತಿತ್ತು.

ತಕ್ಕಡಿಯವರು ಆ ಗೆರೆಯಿಂದ ಕಣ್ಣು ಕೀಳಲಾರದೆ ಹೋದರು. ಬೀಳುವ ಭಾರವನ್ನು ಬೀಳಗೊಡದೆ, ಬಿದ್ದದ್ದನ್ನೂ ವ್ಯರ್ಥವಾಗಗೊಡದೆ, ಯಾರ ಹೊಗಳಿಕೆಯನ್ನೂ ಬಯಸದೆ ಮೌನವಾಗಿ ಸಂಗ್ರಹಿಸುತ್ತಿದ್ದ ಆ ಯಂತ್ರದ ಎದುರಿಗೆ ತಮ್ಮ ಬಾಳಿನ ಅಪವ್ಯಯಗಳೆಲ್ಲ ಅವರಿಗೆ ಒಮ್ಮೆಲೇ ನೆನಪಾದವು.

"ಆದ್ರೆ ಬ್ಯಾಟರಿ ತುಂಬಿಬಿಟ್ಟಿದ್ರೆ ಎತ್ತಿಡೋದೆಲ್ಲಿ?" ಗುಬ್ಬಿ ಮುಂದುವರಿಸಿದರು. "ಜಾಗ ಇಲ್ಲ. ಸುಮ್ನೆ ಬಿಟ್ರೆ ಕಾರು ಜಾರಿ ಓಡುತ್ತೆ. ಅದಕ್ಕೆ ಗಣಕ ಏನು ಮಾಡುತ್ತೆ, ಪೆಟ್ರೋಲ್ ಬಂದ್ ಮಾಡಿ ಖಾಲಿ ಎಂಜಿನ್ನನ್ನ ಗರಗರ ತಿರುಗಿಸಿ, ಆ ಶಕ್ತೀನ ಗಾಳಿಗೆ ಚೆಲ್ಲುತ್ತೆ. ಆ ಅರಚಾಟ ಅದೇ."

"ಅಂದ್ರೆ ಆವತ್ತು ಜನ ಕೇಳಿದ್ದು..."

"ಕಾರು ಮುಂದೆ ನುಗ್ಗೋ ಸದ್ದಲ್ಲ ಸರ್. ತನ್ನನ್ನ ತಾನೇ ಹಿಡ್ಕೊಳ್ಳೋ ಸದ್ದು."

ತಕ್ಕಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಬೇಕಾದದ್ದು ಗಾಜಲ್ಲವೆಂಬುದನ್ನು ಗುಬ್ಬಿ ಕಂಡೂ ಕಾಣದಂತಿದ್ದರು.

"ತುಂಬಿದ ಕೊಡ ತುಳುಕಲ್ಲ ಅಂತ ಶಾಲೇಲಿ ಕಲ್ಸಿದ್ರು," ಎಂದರು ತಕ್ಕಡಿಯವರು ಕನ್ನಡಕ ಹಾಕಿಕೊಂಡು. "ಈ ಕೊಡ ತುಂಬಿದ್ರೇ ಅರಚುತ್ತಲ್ಲಮ್ಮ!"

"ಅಲ್ಲೇ ಇರೋದು ತೊಡಕು. ಠಾಣೆ ಅಂಗಳದಲ್ಲಿರೋ ಆ ಕಾರನ್ನ ನಾನು ಪರೀಕ್ಷೆ ಮಾಡ್ದೆ. ಬಂಡೆಗೆ ಗುದ್ದಿ ಮುಂದಿನ ಗಣಕ ನುಚ್ಚುನೂರಾಗಿದೆ, ಅದರ ನೆನಪಿಂದ ಏನೂ ಸಿಗಲ್ಲ. ಹಿಂದಿರೋ ಬ್ಯಾಟರಿ ಮಾತ್ರ ಗಟ್ಟಿಯಾಗಿದೆ, ಅಂಚಿನವರೆಗೂ ತುಂಬಿದೆ. ಆದ್ರೆ ನಿಮ್ಮ ತಂಗಿ ಯಾವತ್ತೂ ತುಂಬಿಸ್ತಿರ್ಲಿಲ್ಲ. ನಮ್ಮಲ್ಲಿ ಯಾರೂ ತುಂಬಿಸಲ್ಲ. ಬೆಟ್ಟ ಇಳಿಯೋರು ಬ್ಯಾಟರೀಲಿ ಜಾಗ ಬಿಟ್ಕೊಂಡೇ ಹೊರಡ್ಬೇಕು, ಅದು ಇಲ್ಲಿನ ಕಟ್ಟುಪಾಡು. ಬೆಟ್ಟದ ತುದೀಲಿ ನಮ್ಮ ಕಂಪನಿ ನಿರ್ದೇಶಕರ ಮನೇಲಿರೋ ಚಾರ್ಜರ್ ಪೆಟ್ಟಿಗೆ ನಾವೇ ಕಟ್ಟಿದ್ದು. ಅದರ ತಿರುಗೋ ಗುಂಡೀನ ಐದರಲ್ಲಿ ನಾಲ್ಕು ಪಾಲಿನ ಗುರುತಿಗೆ ಇಟ್ಟು ಬಂದಿದ್ವಿ, ಅದಕ್ಕಿಂತ ಹೆಚ್ಚು ತುಂಬಲ್ಲ."

"ಹಾಗಾದ್ರೆ ತುಂಬಿಸಿದ್ದು ಯಾರು?"

"ಅದನ್ನ ಪತ್ತೆ ಮಾಡೋದು ನಿಮ್ಮ ಕೆಲಸ ಸರ್," ಎಂದರು ಗುಬ್ಬಿ. ಆ ಪ್ರಶ್ನೆಯನ್ನು ಹೊತ್ತುಕೊಂಡು ತಕ್ಕಡಿಯವರು ನೇರವಾಗಿ ಠಾಣೆಗೆ ಹೋದರು.

*

ತಂಗಿಯನ್ನು ನೋಡಲು ಅನುಮತಿ ಸಿಕ್ಕಿದ್ದು ಅಂದೇ ಮೊದಲು. ಸುಣ್ಣ ಬಳಿದ ಸಣ್ಣ ಕೋಣೆ, ಒಂದು ಮೇಜು, ಎರಡು ಕುರ್ಚಿ. ಆಕೆ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಅಣ್ಣನನ್ನು ಕಂಡು ಎದ್ದು ನಿಲ್ಲಲಿಲ್ಲ.

"ಊಟ ಮಾಡಿದ್ಯೇನೇ?"

"ಇಲ್ಲಿನ ಚಹಾ ಕುಡಿದ್ಮೇಲೆ ಊಟದ ಮೇಲಿನ ಆಸೇನೇ ಹೋಯ್ತು." ಆಕೆ ಅವರನ್ನು ದಿಟ್ಟಿಸಿದಳು. "ಅಣ್ಣಾ, ನೀನೂ ಅನುಮಾನ ಪಟ್ಟೆ, ಅಲ್ವಾ?"

"ತೂಗಿ ನೋಡ್ದೆ."

"ತಂಗೀನೂ ತಕ್ಕಡಿಗೆ ಹಾಕಿದ್ಯಾ? ಎಷ್ಟು ಬಂದೆ?"

ತಕ್ಕಡಿಯವರು ತಲೆ ತಗ್ಗಿಸಿದರು. "ಕಲ್ಲೇ ತಪ್ಪಿತ್ತು ಕಣೇ. ಈಗ ಸರಿಯಾದ ಕಲ್ಲು ಸಿಕ್ಕಿದೆ. ಆ ಕೂಗನ್ನ ಕೇಳಿ ಬಂದೆ. ಹೊಗೆ ಕೊಳವೆಗೆ ಕೈಯಿಟ್ಟೆ. ತಣ್ಣಗಿತ್ತು."

ಆಕೆಯ ಮುಖ ಮೆಲ್ಲಗೆ ಸಡಿಲವಾಯಿತು. "ಇನ್‌ಸ್ಪೆಕ್ಟರ್‌ಗೆ ಮೊದಲ ದಿನಾನೇ ಹೇಳ್ದೆ. ಪೆಟ್ರೋಲಿಲ್ದೆ ಎಂಜಿನ್ ಕೂಗುತ್ತೇನಮ್ಮ, ನನಗೇ ಕಥೆ ಹೇಳ್ತೀಯಾ ಅಂತ ಬಿದ್ದು ಬಿದ್ದು ನಕ್ಕ."

"ಮುಖ್ಯಸ್ಥರ ಜೊತೆ ಜಗಳ ಯಾಕಾಯ್ತು?"

"ಕಾರಲ್ಲಿ ದೋಷ ಇದೆ ಅಂದೆ, ಅದಕ್ಕೆ." ಆಕೆ ಮೇಜಿನ ಮೇಲಿದ್ದ ಚಹಾದ ಲೋಟವನ್ನು ಎಡಗೈಯಿಂದ ಎತ್ತಿದಳು. "ಇಳಿಜಾರಲ್ಲಿ ಕಾರನ್ನ ಮೋಟಾರು, ಎಂಜಿನ್ನು ಹಿಡಿದಿರುತ್ತೆ, ಈ ಕೈ ಹಾಗೆ. ಬ್ರೇಕ್ ಗಟ್ಟಿಯಾಗಿ ಒತ್ತಿದ್ರೆ ಅದನ್ನ ಲೋಹದ ಬ್ರೇಕು ವಹಿಸ್ಕೋಬೇಕು, ಈ ಕೈ ಹಾಗೆ. ಒಂದು ಕೈ ಹಿಡಿದ ಮೇಲೆ ತಾನೇ ಇನ್ನೊಂದು ಬಿಡ್ಬೇಕು? ಹೊಸ ಪ್ರೋಗ್ರಾಮಲ್ಲಿ ಮೊದಲನೇ ಕೈ ಬೇಗ ಬಿಟ್ಬಿಡುತ್ತೆ. ಒಂದು ಕಣ್ಣೆವೆಯಷ್ಟು ಹೊತ್ತು ಕಾರು ಯಾರ ಕೈಲೂ ಇರಲ್ಲ."

ಆಕೆ ಲೋಟವನ್ನು ಬಿಟ್ಟು, ಮೇಜು ಮುಟ್ಟುವ ಮುನ್ನ ಬಲಗೈಯಿಂದ ಹಿಡಿದಳು. ಚಹಾ ಚೆಲ್ಲಿ ಮೇಜಿನ ಮೇಲೆ ಹರಿಯಿತು.

"ಬೇರೆಯವರ್ಯಾಕೆ ಕಂಡುಹಿಡೀಲಿಲ್ಲ?"

"ಬ್ಯಾಟರಿ ಪೂರ್ತಿ ತುಂಬಿದ್ರೆ ಮಾತ್ರ ಹಾಗಾಗೋದು. ನಾವು ಯಾರೂ ತುಂಬಿಸ್ಕೊಂಡು ಇಳಿಯಲ್ವಲ್ಲ! ಜಾಣರು ಅಣ್ಣಾ ನಾವೆಲ್ಲ. ನಮ್ಮ ಜಾಣತನಾನೇ ದೋಷಾನ ಮುಚ್ಚಿಟ್ಟಿತು. ಕೊಳ್ಳೋರಿಗೆ ನಮ್ಮ ಕಟ್ಟುಪಾಡು ಯಾರು ಹೇಳಿದ್ದಾರೆ? ಅವರು ತುಂಬಿಸೇ ತುಂಬಿಸ್ತಾರೆ. ಅದಕ್ಕೇ ಒಂದು ಸಲ ಕೊಳ್ಳೋರ ಹಾಗೆ ತುಂಬಿಸ್ಕೊಂಡು ಇಳಿದು ನೋಡ್ದೆ. ಜೀವ ಬಾಯಿಗೆ ಬಂತು. ಮುಖ್ಯಸ್ಥರು ನಂಬಲಿಲ್ಲ. ಇಷ್ಟು ದಿನ ಒಬ್ಬರಿಗೂ ಆಗದ್ದು ನಿನಗೊಬ್ಬಳಿಗೆ ಆಯ್ತಾ ಅಂದ್ರು. ನಾನೂ ಬಾಯಿಗೆ ಬಂದಿದ್ದು ಅಂದೆ."

ಅಂದು ಮಧ್ಯಾಹ್ನ ನಿರ್ದೇಶಕರು ಆಕೆಯನ್ನು ಬೆಟ್ಟದ ಮೇಲಿನ ಮನೆಗೆ ಕರೆಸಿದ್ದರು. ಅರ್ಧ ಬ್ಯಾಟರಿಯಲ್ಲಿ ಹತ್ತಿ ಹೋದವಳನ್ನು ಸಂಜೆಯಾಗುವವರೆಗೆ ಒಳಕೋಣೆಯಲ್ಲಿ ಕಾಯಿಸಿ, ಕಡೆಗೆ, ಕಾರು ನಿರ್ದೋಷವೆಂದು ಸಹಿ ಮಾಡಲು ಹೇಳಿದರು. ಆಕೆ ಒಲ್ಲೆನೆಂದು ಎದ್ದು ಬಂದಳು.

"ಹೊರಡೋವಾಗ ಬ್ಯಾಟರಿ ಮಾಪಕ ನೋಡ್ಲಿಲ್ವಾ?"

"ಕಣ್ಣ ತುಂಬ ನೀರಿತ್ತು. ಮಾಪಕ ಎಲ್ಲಿ ಕಾಣುತ್ತೆ? ಮೊದಲ ತಿರುವಲ್ಲಿ ಕೂಗು ಎದ್ದಾಗ ಎದೆ ಝಲ್ಲಂತು. ಕಾಲಿಟ್ಟಿದೆಯೋ ಇಲ್ಲವೋ ಅನ್ನೋ ಹಾಗೆ ಬ್ರೇಕ್ ಮುಟ್ಕೊಂಡು ಇಳಿದೆ. ಕೊನೇ ತಿರುವು ದಾಟಿದ್ರೆ ಗೆದ್ದೆ ಅಂದ್ಕೊಂಡೆ. ತಿರುಗಿದ್ರೆ ಅಲ್ಲಿ ಅವರು. ದಾರಿ ನಡುವೆ. ನೆಟ್ಟಗೆ ನನ್ನ ಕಡೆ ಮುಖ ಮಾಡ್ಕೊಂಡು." ಆಕೆಯ ದನಿ ಒಡೆಯಿತು. "ಒತ್ತಿದೆ ಅಣ್ಣಾ. ಎರಡೂ ಕಾಲಲ್ಲಿ ಒತ್ತಿದೆ."

ಹೊರಗೆ ಇನ್‌ಸ್ಪೆಕ್ಟರು ತಕ್ಕಡಿಯವರನ್ನು ತಡೆದರು. "ಸುಮ್ಮನೆ ಓಡಾಡಿ ದಣೀತಿದ್ದೀರಿ. ರಸ್ತೆ ಮೇಲೆ ಟೈರಿನ ಗೆರೆ ಎರಡು ತುಂಡಾಗಿದೆ, ನಡುವೆ ಖಾಲಿ. ಮೊದಲು ಬ್ರೇಕ್ ಒತ್ತಿದ್ದಾಳೆ, ಆಮೇಲೆ ಮನಸ್ಸು ಕಲ್ಲು ಮಾಡ್ಕೊಂಡು ಬಿಟ್ಟಿದ್ದಾಳೆ. ಇನ್ನೇನು ಬೇಕು?"

ತಕ್ಕಡಿಯವರು ಅಲ್ಲಿಯೇ ನಿಂತರು. ನಡುವೆ ಖಾಲಿ! ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವ ನಡುವಿನ ಕಣ್ಣೆವೆ, ತಾನೇ ರಸ್ತೆಯ ಮೇಲೆ ಸಾಕ್ಷಿ ಬರೆದಿಟ್ಟಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಈ ಮಹಾಶಯರು ಅದನ್ನು ತಲೆಕೆಳಗಾಗಿ ಓದಿದ್ದರು.

"ಆ ಖಾಲಿ ಜಾಗಾನ ಒಬ್ಬ ಎಂಜಿನಿಯರು ಬಂದು ಅಳತೆ ಮಾಡ್ಲಿ. ನಿಮ್ಮ ಪೇದೆಯನ್ನೂ ಜೊತೆಗೆ ಕಳ್ಸಿ. ಅಷ್ಟು ಮಾಡ್ತೀರಾ?"

ಇನ್‌ಸ್ಪೆಕ್ಟರು ಭುಜ ಕುಣಿಸಿದರು. "ಮಾಡ್ಕೊಳ್ಳಿ. ಅಳೆದ್ರೆ ಗೆರೆ ಕೂಡ್ಕೊಳ್ಳುತ್ತಾ?"

*

ಗುಬ್ಬಿಯೂ ಒಬ್ಬ ಪೇದೆಯೂ ಕೊನೆಯ ತಿರುವಿನಲ್ಲಿ ತಕ್ಕಡಿಯವರ ಕಾರಿನಿಂದ ಇಳಿದುಕೊಂಡರು. ಒಂದು ಕಡೆ ನಿಲುವಾದ ಬಂಡೆ, ಇನ್ನೊಂದು ಕಡೆ ಕಣಿವೆ. ಮೇಲಿನಿಂದ ಬರುವ ವಾಹನ ತೀರ ಹತ್ತಿರ ಬರುವವರೆಗೆ ಕಾಣದಂಥ ಜಾಗ. ಗುಬ್ಬಿ ಆಗಲೇ ಅಳತೆಯ ಪಟ್ಟಿ ಬಿಚ್ಚಿ ಗೆರೆಯ ಮೇಲೆ ಬಗ್ಗಿದ್ದರು.

"ಸರ್, ನನ್ನ ಫೋನ್ ಇಟ್ಕೊಳ್ಳಿ," ಎಂದು ಅವರು ಕಿಟಕಿಯೊಳಗೆ ಕೈ ತೂರಿಸಿದರು. "ಬೆಳಗಿನ ಪರೀಕ್ಷೆ ಎಲ್ಲಾ ಅದರಲ್ಲಿ ವಿಡಿಯೋ ಮಾಡಿಟ್ಟಿದ್ದೀನಿ. ನಿರ್ದೇಶಕರು ಇಲ್ಲ ಅಂದ್ರೆ ಮುಖದ ಮುಂದೆ ಹಿಡೀರಿ."

ಇಳಿಬಿಸಿಲು. ತಕ್ಕಡಿಯವರು ತಮ್ಮ ಹಳೆಯ ಕಾರಿನಲ್ಲಿ ಬೆಟ್ಟ ಹತ್ತಿ ನಿರ್ದೇಶಕರ ಮನೆ ಮುಟ್ಟಿದರು.

ಪೋರ್ಟಿಕೋದಲ್ಲಿ ನೀಲಿ ಬಣ್ಣದ ಕಾರೊಂದು ನಿಂತಿತ್ತು. ಅದೇ ಮಾದರಿ. ಗೋಡೆಯ ಬಿಳಿ ಪೆಟ್ಟಿಗೆಯಿಂದ ಬಂದ ಕೇಬಲ್ ಅದರ ಪಕ್ಕೆಗೆ ಚುಚ್ಚಿಕೊಂಡಿತ್ತು. ನಿರ್ದೇಶಕರ ಮಗಳು ನೀರು ತಂದಿಟ್ಟು, ನಕ್ಕು ಒಳಹೋದಳು. ಬೇರೆ ಊರಿನಲ್ಲಿ ಓದುತ್ತಿದ್ದವಳು ಬೆಳಗ್ಗೆಯಷ್ಟೇ ಬಂದಿದ್ದಳಂತೆ.

ನಿರ್ದೇಶಕರು ಎತ್ತರದ ಆಳು; ಇಸ್ತ್ರಿ ಕೆಡದ ಅಂಗಿ, ಕೆಡದ ನಗೆ.

"ನಿಮ್ಮ ತಂಗಿ ವಿಷಯದಲ್ಲಿ ನನಗೂ ತುಂಬ ಬೇಜಾರಿದೆ. ಒಳ್ಳೇ ಹುಡುಗಿ. ಕೋಪ ಸ್ವಲ್ಪ ಜಾಸ್ತಿ. ಏನ್ಮಾಡೋದು, ಮೊದಲ ತಿರುವಿಂದ್ಲೇ ವೇಗ ಹೆಚ್ಚಿಸಿದ್ದನ್ನ ಈ ಕಿವಿಯಾರೆ ಕೇಳಿದ್ದೀನಿ."

"ಕೂಗು ಕೇಳಿದ್ರಿ."

"ಎರಡೂ ಒಂದೇ ಅಲ್ವೇ?"

"ಆ ಚಾರ್ಜರ್ ಪೆಟ್ಟಿಗೆ ಸ್ವಲ್ಪ ನೋಡ್ಬಹುದಾ?"

ನಗೆ ಒಂದು ಮಡಿಕೆ ಕೆಟ್ಟಿತು. "ಧಾರಾಳವಾಗಿ."

ಪೆಟ್ಟಿಗೆ ಬಿಸಿಲಿಗೆ ಹಳದಿಗಟ್ಟಿತ್ತು. ಗುಂಡಿಯ ಮುಳ್ಳು ತುತ್ತತುದಿಯ ಗುರುತನ್ನು ತೋರುತ್ತಿತ್ತು: ಪೂರ್ತಿ. ಆದರೆ ಅದರ ಪಕ್ಕದಲ್ಲಿ, ಐದರಲ್ಲಿ ನಾಲ್ಕರ ಗುರುತಿನ ಎದುರಿಗೆ, ಮುಳ್ಳಿನದೇ ಉದ್ದ, ಮುಳ್ಳಿನದೇ ದಪ್ಪದ ಒಂದು ಬೆಳ್ಳನೆಯ ಕಲೆಯಿತ್ತು. ವರ್ಷಗಟ್ಟಲೆ ಬಿಸಿಲು ಕಾಣದೆ ಅಷ್ಟು ಜಾಗ ಹೊಸದಾಗಿಯೇ ಉಳಿದಿತ್ತು.

"ಈ ಗುಂಡಿ ಯಾವಾಗಿಂದ ಹೀಗಿದೆ?"

"ಮೊದಲಿಂದ್ಲೂ ಹಾಗೇ. ನನಗೆ ಈ ಗಾಡಿಗಳ ಗಂಧಗಾಳಿ ಇಲ್ಲ ಕಣ್ರೀ. ನಾನು ಸಹಿ ಹಾಕೋನು, ಅಷ್ಟೇ."

"ಹಾಗಾದ್ರೆ ಸೂರ್ಯ ಸುಳ್ಳು ಹೇಳ್ತಿದ್ದಾನೆ." ತಕ್ಕಡಿಯವರು ಬಿಳಿ ಕಲೆಯ ಮೇಲೆ ಬೆರಳಿಟ್ಟರು. "ಇಲ್ಲಿದ್ದ ಮುಳ್ಳನ್ನ ಈಚೆಗೆ ಅಲ್ಲಿಗೆ ತಿರುಗಿಸಿದ್ದಾರೆ."

"ತಿರುಗಿಸಿದ್ದು ನಾನಲ್ಲ!"

"ನೀವು ಅಂತ ನಾನು ಅನ್ಲೇ ಇಲ್ಲವಲ್ಲ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರು ದೊಡ್ಡ ಮನುಷ್ಯರು. ತಕ್ಕಡಿಯವರು ಅವರ ತೋಳು ಹಿಡಿದು ಮೆಲ್ಲಗೆ ಒಳಜಗುಲಿಗೆ ಕರೆತಂದು ಕೂರಿಸಿದರು; ಫೋನನ್ನು ತೆರೆದು ಎದುರಿಗೆ ಹಿಡಿದರು. ಕಾರು ಅರಚಿತು, ಚಕ್ಕಳಮಕ್ಕಳ ಕೂತ ಗುಬ್ಬಿ ಕಂಡರು, ಸೊನ್ನೆ ತೋರುವ ಮಾಪಕ ಕಂಡಿತು.

"ನೀವು ಈ ಕಾರುಗಳ ಜೊತೆ ಇದ್ದು ಎಷ್ಟೋ ವರ್ಷ ಆಯ್ತು. ಈ ಕೂಗು ಏನು ಅಂತ ನಿಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪೊಲೀಸರ ಮುಂದೆ ವೇಗ ಹೆಚ್ಚಿಸಿದಳು ಅಂದ್ರಿ. ನನ್ನ ತಂಗೀನ ಕಾಯಿಸಿದ್ದು ಕಾರು ತುಂಬಲಿ ಅಂತ. ಯಾರು ತಿರುಗಿಸಿದ್ರು?"

ನಿರ್ದೇಶಕರು ಅಂಗಿಯ ತೋಳಿನ ಮಡಿಕೆಯನ್ನು ತೀಡತೊಡಗಿದರು. ಅಷ್ಟರಲ್ಲಿ ಎಲ್ಲೋ ಬಾಗಿಲು ಮುಚ್ಚಿದ ಸದ್ದು, ಯಾರೋ "ಬರ್ತೀನಪ್ಪಾ" ಎಂದ ದನಿ. ಇಬ್ಬರೂ ಗಮನಿಸಲಿಲ್ಲ.

"ಅವರೇ," ಎಂದರು ನಿರ್ದೇಶಕರು ಕಡೆಗೆ.

"ಯಾರು?"

"ಮುಖ್ಯಸ್ಥರೇ. ಸತ್ತವರೇ." ಅವರ ದನಿಯಲ್ಲಿ ಇಸ್ತ್ರಿಯೆಲ್ಲ ಕೆಟ್ಟಿತ್ತು. "ಅವಳು ಒಳಗೆ ಕೂತಿದ್ದಾಗ ಹಿತ್ತಿಲ ಬಾಗಿಲಿಂದ ಬಂದ್ರು. ತಾವೇ ಗುಂಡಿ ತಿರುಗಿಸಿ ಕೇಬಲ್ ಚುಚ್ಚಿದ್ರು. ತುಂಬೋವರೆಗೂ ಅವಳನ್ನ ಕೂರಿಸ್ಕೊಳ್ಳಿ, ಅವಳಿಗೆ ಹೇಳ್ಬೇಡಿ, ಹೇಳಿದ್ರೆ ಹುಷಾರಾಗಿ ಓಡಿಸ್ತಾಳೆ, ಪರೀಕ್ಷೆ ಕೆಡುತ್ತೆ ಅಂದ್ರು. ಹೊರಡೋಕೆ ಮುಂಚೆ ಕೇಬಲ್ಲೂ ಅವರೇ ಕಿತ್ತಿಟ್ರು. ಕೊನೇ ತಿರುವಲ್ಲಿ ನಿಂತಿರ್ತೀನಿ, ನನ್ನನ್ನ ಕಂಡ್ರೆ ಗಟ್ಟಿಯಾಗಿ ಬ್ರೇಕ್ ಒತ್ತೇ ಒತ್ತುತ್ತಾಳೆ. ನಾನು ಬರೆದ ಪ್ರೋಗ್ರಾಮು ಕೈ ಬಿಡುತ್ತಾ ಇಲ್ವಾ ನನ್ನ ಕಣ್ಣಿಂದಲೇ ನೋಡ್ಬಿಡ್ತೀನಿ ಅಂತ ನಡ್ಕೊಂಡು ಇಳಿದು ಹೋದ್ರು."

ತಕ್ಕಡಿಯವರ ಕೈಯಲ್ಲಿದ್ದ ಫೋನು ಕೆಳಗಿಳಿಯಿತು.

ತಾನು ಬರೆದದ್ದರ ಮೇಲೆ ಎಂಥ ನಂಬಿಕೆ! ಇಳಿಬಿಸಿಲಿನಲ್ಲಿ, ಬಂಡೆಗೂ ಕಣಿವೆಗೂ ನಡುವೆ, ತನ್ನ ಲೆಕ್ಕ ಸರಿಯೆಂದು ತೋರಿಸಲು ತನ್ನ ದೇಹವನ್ನೇ ಪಣವಿಟ್ಟು ನಿಂತ ಆ ಮನುಷ್ಯ ಅವರ ಕಣ್ಣಿಗೆ ಕಟ್ಟಿದ. ಕೂಗು ಮೇಲಿನಿಂದ ತಿರುವು ತಿರುವಾಗಿ ಹತ್ತಿರ ಬಂದಂತೆ ಅವನಿಗೆ ಭಯವಾಗಿರಲಿಲ್ಲ. ತನ್ನ ಯಂತ್ರ ತನ್ನನ್ನು ತಾನು ಹಿಡಿದುಕೊಳ್ಳುತ್ತಿದೆಯೆಂದು ಹೆಮ್ಮೆಯಾಗಿದ್ದಿರಬೇಕು. ಆ ಒಂದು ಕಣ್ಣೆವೆಯಲ್ಲಿ ಅವನಿಗೆ ಸತ್ಯ ತಿಳಿಯಿತು. ಹೇಳಲು ಮಾತ್ರ ಉಳಿಯಲಿಲ್ಲ. ಅಂಥವನನ್ನು ಮೂರ್ಖನೆನ್ನಲು ತಕ್ಕಡಿಯವರ ನಾಲಿಗೆ ಏಳಲಿಲ್ಲ. ಇನ್ನೊಬ್ಬರ ಜೀವವನ್ನು ಕೇಳದೆ ಪಣವಿಟ್ಟದ್ದನ್ನು ಕ್ಷಮಿಸಲೂ ಮನಸ್ಸು ಬರಲಿಲ್ಲ.

"ಇಷ್ಟು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?"

"ಹೇಳಿದ್ರೆ ದೋಷ ಇದೆ ಅಂತ ಒಪ್ಪಿದ ಹಾಗೆ! ದಾರೀಲಿ ಓಡ್ತಿರೋ ಒಂದೊಂದು ಕಾರನ್ನೂ ವಾಪಸ್ ಕರೀಬೇಕಾಗ್ತಿತ್ತು. ಪ್ರಯೋಗಾಲಯಾನೇ ಮುಚ್ಚಿಹೋಗ್ತಿತ್ತು."

"ಕರೀಬೇಕಾಗಿತ್ತು! ಅಷ್ಟು ಕಾರು ವಾಪಸ್ ಕರೆಯೋದಕ್ಕಿಂತ ಒಬ್ಬ ಹೆಣ್ಣುಮಗಳನ್ನ ಜೈಲಿಗೆ ಕಳ್ಸೋದು ನಿಮಗೆ ಸುಲಭ ಅನ್ನಿಸ್ತು. ಯಂತ್ರ ಕೂಡ ಬೀಳೋವಾಗ ತನ್ನನ್ನ ತಾನು ತಡ್ಕೊಳ್ಳುತ್ತಲ್ರೀ! ಮನುಷ್ಯರು ನೀವು, ನಿಮಗೆ ಅಷ್ಟೂ ತಡೆ ಬೇಡ್ವಾ? ಏಳಿ. ಈಗಲೇ ಠಾಣೆಗೆ ಬಂದು ಇದನ್ನೇ ಹೇಳ್ಬೇಕು."

ನಿರ್ದೇಶಕರು ಏಳಲಿಲ್ಲ. "ಹೇಳಲ್ಲ ಅಂದ್ರೆ? ಇಲ್ಲಿ ಮಾತಾಡಿದ್ದಕ್ಕೆ ಸಾಕ್ಷಿ ಯಾರಿದ್ದಾರೆ?"

ತಕ್ಕಡಿಯವರು ಬಾಗಿಲಿನತ್ತ ಒಂದು ಹೆಜ್ಜೆಯಿಟ್ಟರು. ಅವರ ಕಣ್ಣು ಜಗುಲಿಯ ಬಾಗಿಲಿನಾಚೆ ಪೋರ್ಟಿಕೋದ ಮೇಲೆ ಬಿದ್ದಿತ್ತು.

ಪೋರ್ಟಿಕೋ ಖಾಲಿಯಾಗಿತ್ತು. ಕೇಬಲ್ ನೆಲದ ಮೇಲೆ ಸುರುಳಿ ಬಿದ್ದಿತ್ತು. ಸದ್ದೇ ಇಲ್ಲದೆ, ಒಲೆ ಹಚ್ಚದೆ ಎತ್ತಿಟ್ಟದ್ದರಲ್ಲೇ ನಡೆಯುವ ಆ ಜಿಪುಣ ಯಂತ್ರ, ಇಬ್ಬರ ಮೂಗಿನ ಕೆಳಗೇ ಹೊರಟುಹೋಗಿತ್ತು.

"ನಿಮ್ಮ ಮಗಳು ಎಲ್ಲಿ?"

"ಅವಳಾ? ಕೆಳಗೆ ಗೆಳತಿ ಮನೆಗೆ ಹೋಗ್ಬೇಕು ಅಂತಿದ್ಳು..." ನಿರ್ದೇಶಕರು ಗೋಡೆಯ ಪೆಟ್ಟಿಗೆಯನ್ನು ನೋಡಿದರು. ಮುಳ್ಳು ತುದಿಯಲ್ಲಿತ್ತು. ಸತ್ತವನು ತಿರುಗಿಸಿಟ್ಟುಹೋದ ಮುಳ್ಳನ್ನು ಯಾರೂ ಹಿಂದಕ್ಕೆ ತಿರುಗಿಸಿರಲಿಲ್ಲ. ಅದರ ಪಕ್ಕದಲ್ಲಿ ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು: ತುಂಬಿದೆ.

ಆಗ ಬೆಟ್ಟದ ಮೊದಲ ತಿರುವಿನಿಂದ ಕೂಗು ಎದ್ದಿತು.

ಎಷ್ಟು ಅದ್ಭುತವಾದ ಕೂಗು! ಬೆಟ್ಟದ ಭಾರವನ್ನೆಲ್ಲ ಎದೆಯಲ್ಲಿ ತಡೆದು, ಹನಿಯೂ ಸುಡದೆ, ಕೈಲಾಗುವಷ್ಟು ಹೊತ್ತು ಹಿಡಿದೇನೆಂದು ಆಕಾಶಕ್ಕೆ ಮೊರೆಯಿಡುವ ಕೂಗು. ಅದರ ಅರ್ಥ ತಿಳಿದವರು ಈ ಇಳಿಸಂಜೆಯಲ್ಲಿ ಇಡೀ ಬೆಟ್ಟದ ಮೇಲೆ ಮೂವರೇ: ಇಲ್ಲಿ ಇಬ್ಬರು ಗಂಡಸರು, ಕೆಳಗೆ ಗುಬ್ಬಿ.

ನಿರ್ದೇಶಕರು ಮಗಳಿಗೆ ಫೋನ್ ಮಾಡಿದರು. ಗಂಟೆ ಬಾರಿಸುತ್ತಲೇ ಇತ್ತು. "ಎತ್ತಲ್ಲ ಅವಳು," ಎಂದರು ಮಗುವಿನಂತೆ ಅಳುತ್ತ. "ಗಾಡಿ ಓಡಿಸೋವಾಗ ಫೋನ್ ಮುಟ್ಬೇಡ ಅಂತ ನಾನೇ ಹೇಳ್ಕೊಟ್ಟಿದ್ದೀನಿ."

ತಕ್ಕಡಿಯವರು ಗುಬ್ಬಿಯನ್ನು ಎಚ್ಚರಿಸಲು ಕೈಯೆತ್ತಿದರು. ಗುಬ್ಬಿಯ ಫೋನು ಅವರ ಕೈಯಲ್ಲೇ ಇತ್ತು.

ಕೆಳಗೆ ಕೊನೆಯ ತಿರುವಿನಲ್ಲಿ ಒಬ್ಬ ಪೇದೆ ಅಳತೆ ಪಟ್ಟಿಯ ತುದಿ ಹಿಡಿದಿದ್ದ. ಬಂಡೆಯ ಮರೆಯಲ್ಲಿ, ರಸ್ತೆಯ ನಟ್ಟನಡುವೆ, ಎರಡು ಗೆರೆಗಳ ನಡುವಿನ ಖಾಲಿ ಜಾಗದ ಮೇಲೆ ಒಬ್ಬ ಸಣ್ಣ ಮೈಯ ಎಂಜಿನಿಯರು ಅಳತೆಯಲ್ಲೇ ಮುಳುಗಿ ಮಂಡಿಯೂರಿ ಬಗ್ಗಿದ್ದರು. ಮೇಲೆ ಕೂಗು ಎರಡನೆಯ ತಿರುವು ದಾಟಿತು.

ತಕ್ಕಡಿಯವರು ತಮ್ಮ ಹಳೆಯ ಕಾರಿನತ್ತ ಓಡಿದರು. ಮುಂದೆ ಹೋದ ಕಾರನ್ನು ಹಿಂದಿನಿಂದ ಹಿಡಿದು ನಿಲ್ಲಿಸಿದವರುಂಟೇ? ಅವರಿಗೂ ಗೊತ್ತಿತ್ತು. ಆದರೂ ಓಡಿದರು.

ಓದುಗರೇ, ಆ ತಿರುವಿನ ಮುಂದಿನ ಸಂಗತಿ ನನ್ನ ಕೈಯಲ್ಲಿದೆ. ನಿಮ್ಮ ದಾರಿಯ ಸಂಗತಿ ನಿಮ್ಮ ಕೈಯಲ್ಲಿದೆ. ಇಳಿಜಾರಿನಲ್ಲಿ ಅಂಥದೊಂದು ಕೂಗು ಎಂದಾದರೂ ನಿಮ್ಮ ಕಿವಿಗೆ ಬಿದ್ದರೆ, ಓಡಿಸುವವರನ್ನು ಶಪಿಸುತ್ತ ದಾರಿಯ ನಡುವೆ ನಿಲ್ಲಬೇಡಿ. ಮೊದಲು ಪಕ್ಕಕ್ಕೆ ಸರಿಯಿರಿ. ಪಕ್ಕದಲ್ಲಿರುವವರ ಕೈಹಿಡಿದು ಸರಿಸಿರಿ. ತೀರ್ಪು ಆಮೇಲೆ ಇರಲಿ.